ತರಗಿನ ಬೆಂಕಿ, ಲಂಟಾನದ ಬೆಂಕಿ

14 ಬೇಸಿಗೆಯಿಂದ ನಾನು ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಫೈರ್ ವಾಚರ್ ಕೆಲಸ ಮಾಡುತ್ತಿದ್ದೇನೆ. ನಾನು ಸೋಲಿಗ, ಈ ಬೆಟ್ಟದ ಬುಡಕಟ್ಟಿನವನು. ಹುಟ್ಟಿದ್ದು, ಬೆಳೆದದ್ದು ಇಲ್ಲೇ ಒಂದು ಪೋಡಿನಲ್ಲಿ, ಅಂದರೆ ನಮ್ಮವರ ಹಾಡಿಯಲ್ಲಿ. ನಮ್ಮಜ್ಜ ಇದೇ ಕಾಡಿಗೆ ವರ್ಷಾ ವರ್ಷಾ ತಾವೇ ಬೆಂಕಿ ಕೊಡುತ್ತಿದ್ದರು. ನಾನು ಇಲ್ಲೇ ಬೆಂಕಿ ಆರಿಸುತ್ತೇನೆ. ಇದನ್ನು ಕೇಳಿದವರು 'ಹಾಗಾದ್ರೆ ನಿಮ್ಮಜ್ಜ ಮಾಡಿದ್ದು ತಪ್ಪಾ?' ಅನ್ನುತ್ತಾರೆ. ತಪ್ಪಲ್ಲ. ಆದರೆ ಅಜ್ಜ ಮಾಡಿದ ಹಾಗೆಯೇ ಇವತ್ತು ಕಡ್ಡಿ ಗೀರಿದರೆ ಕಾಡು ಉಳಿಯುವುದಿಲ್ಲ. ಯಾಕೆ ಅಂತ ನನಗೆ ಗೊತ್ತಾಗಿದ್ದು ಒಂದು ದೊಡ್ಡ ತಪ್ಪು ಮಾಡಿದ ಮೇಲೆ.

ಮೊದಲು ಕೆಲಸದ ಬಗ್ಗೆ ಹೇಳುತ್ತೇನೆ. ಟಿವಿಯವರು ನಮ್ಮನ್ನು ನೋಡುವುದು ಮಾರ್ಚ್ ತಿಂಗಳಲ್ಲಿ, ಹೊಗೆಯ ನಡುವೆ. ನಮ್ಮ ಅಸಲಿ ಕೆಲಸ ಶುರುವಾಗುವುದು ಮಳೆ ನಿಂತ ಮೇಲೆ, ನವೆಂಬರ್ ಕೊನೆಗೆ. ಆಗ ಬೆಂಕಿ ರೇಖೆ ಮಾಡಬೇಕು, ಅಂದರೆ ಬೇಸಿಗೆಯ ಬೆಂಕಿ ದಾಟದ ಹಾಗೆ ಸುಡಲು ಏನೂ ಇಲ್ಲದ ಪಟ್ಟಿ. ರಸ್ತೆ ಪಕ್ಕ, ಗಡಿಯ ಉದ್ದಕ್ಕೆ, ಬ್ಲಾಕು ಬ್ಲಾಕಿನ ನಡುವೆ ಹುಲ್ಲು, ಪೊದೆ ಎಲ್ಲ ಮಚ್ಚಿನಲ್ಲಿ ಕಡಿದು ಒಣಗಲು ಬಿಡುತ್ತೇವೆ. ಕಡಿದದ್ದನ್ನು ರೇಖೆಯ ನಡುವಿಗೆ ಎಳೆದು ಹಾಕಬೇಕು, ಅಂಚಿಗೆ ರಾಶಿ ಬೀಳಬಾರದು. ಜನವರಿಯಲ್ಲಿ ಅದನ್ನು ಸುಡುತ್ತೇವೆ. ಇಷ್ಟೇ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಸುಡುವ ಹೊತ್ತು ನೋಡಿಕೊಳ್ಳುವುದೇ ದೊಡ್ಡ ವಿದ್ಯೆ. ಕಡಿದ ಹುಲ್ಲು ಒಣಗಿರಬೇಕು. ಅಕ್ಕಪಕ್ಕ ನಿಂತ ಹುಲ್ಲಿನಲ್ಲಿ ಇನ್ನೂ ಹಸಿ ಇರಬೇಕು, ಮೇಲೆ ಇಬ್ಬನಿ ಇರಬೇಕು. ಆಗ ಬೆಂಕಿ ರೇಖೆಯೊಳಗೇ ತಿಂದು ಅಂಚಿಗೆ ಬಂದು ತಾನೇ ಸಾಯುತ್ತದೆ. ಬೆಳಿಗ್ಗೆ ಹೊತ್ತೇರುವ ಮುಂಚೆ ಮುಗಿಸಬೇಕು. ಇಲ್ಲದಿದ್ದರೆ ಸಂಜೆ ತಂಪಾದ ಮೇಲೆ.

ನನ್ನ 4ನೇ ವರ್ಷ. ಜನವರಿ ಕೊನೆಯ ವಾರ. ಇನ್ನೂ ಸುಮಾರು ಒಂದು ಕಿಲೋಮೀಟರ್ ರೇಖೆ ಸುಡುವುದು ಬಾಕಿ ಇತ್ತು. ಆವತ್ತು ಗುಂಪಿಗೆ ನಾನೇ ಮುಂದಾಳು. ಹತ್ತೂವರೆ ದಾಟಿತ್ತು. ನಮ್ಮ ಜೊತೆ ಒಬ್ಬರು ಹಿರಿಯರಿದ್ದರು, ನಾವೆಲ್ಲ ಅವರನ್ನು ಮಾವ ಅನ್ನುತ್ತಿದ್ದೆವು. ಅವರು ಒಂದು ಹಿಡಿ ಬೂದಿ ತೆಗೆದು ಬಿಟ್ಟು ನೋಡಿದರು. 'ಬೇಡ ಕನ ಮಗ. ಗಾಳಿ ತಿರುಗ್ತಾ ಅದೆ. ನಾಳೆ ಬೆಳಗ್ಗೆ ಮಾಡನ' ಅಂದರು. ಇನ್ನು ಅರ್ಧ ಗಂಟೆಯ ಕೆಲಸ, ಇವತ್ತೇ ಮುಗಿಸೋಣ ಅಂದೆ ನಾನು.

ಬೆಂಕಿ ಮೊದಲು ನೆಟ್ಟಗೇ ಹೋಯಿತು. ಆಮೇಲೆ ಕಣಿವೆ ಕಡೆಯಿಂದ ಗಾಳಿ ಎದ್ದಿತು. ರೇಖೆಯ ಅಂಚಿನಲ್ಲಿ ಒಂದು ಲಂಟಾನ ಪೊದೆ ಇತ್ತು. ಮೇಲೆ ಹಸಿರು. ಅದರ ಹೊಟ್ಟೆಯಲ್ಲಿ ಹಳೇ ವರ್ಷಗಳ ಒಣ ಕಡ್ಡಿ, ತರಗು, ಸತ್ತ ಬಳ್ಳಿ ತುಂಬಿಕೊಂಡಿತ್ತು. ಒಂದು ಕಿಡಿ ಸಾಕಾಯಿತು. ಪೊದೆ ಹತ್ತಿ ಉರಿಯುವುದಕ್ಕೆ ಬೀಡಿ ಹಚ್ಚುವಷ್ಟು ಹೊತ್ತೂ ಬೇಕಾಗಲಿಲ್ಲ. ಅಲ್ಲಿಂದ ಬೆಂಕಿ ಪಕ್ಕದ ತಡಸಲು ಮರದ ತುದಿಗೆ ಹೋಯಿತು. ನಾವು ಐದು ಜನ. ಹತ್ತಿರ ಹೋಗಲೂ ಆಗಲಿಲ್ಲ, ಮುಖದ ಚರ್ಮ ಬಿಗಿಯುತ್ತಿತ್ತು. ರಾತ್ರಿ ಎಂಟಕ್ಕೆ ಅದು ನಿಂತಾಗ ಒಂದು ಇಳಿಜಾರು ಪೂರ್ತಿ ಹೋಗಿತ್ತು. ಅದರಲ್ಲಿ ನಮ್ಮ ಪೋಡಿನವರು ಕಾಯಿ ಬಿಡಿಸುವ ನೆಲ್ಲಿ ಮರಗಳೂ ಇದ್ದವು. ಮಾವ ನನಗೆ ಒಂದು ಮಾತೂ ಬಯ್ಯಲಿಲ್ಲ. ಮಾರನೇ ದಿನ ಸುಟ್ಟ ಮರಗಳ ಹತ್ತಿರ ಕರೆದುಕೊಂಡು ಹೋಗಿ, ಒಂದೊಂದರ ತೊಗಟೆಯ ಮೇಲೂ ಬೆಂಕಿ ಎಷ್ಟು ಎತ್ತರಕ್ಕೆ ಹೋಗಿದೆ ಅಂತ ಕೈಯಿಟ್ಟು ತೋರಿಸಿದರು. ನನ್ನ ತಲೆಗಿಂತ ಮೇಲಿತ್ತು. 'ನಿಮ್ಮಜ್ಜನ ಬೆಂಕಿ ಇಲ್ಲಿಗೆ ಬರ್ತಿತ್ತು' ಅಂತ ತಮ್ಮ ಮೊಣಕಾಲು ಮುಟ್ಟಿಕೊಂಡರು.

ಅಜ್ಜನ ಕಾಲದ ಬೆಂಕಿಗೆ ನಾವು ತರಗು ಬೆಂಕಿ ಅನ್ನುತ್ತೇವೆ. ಎಲೆ ಉದುರಿ ನೆಲದ ಮೇಲೆ ತೆಳ್ಳಗೆ ಹಾಸಿಕೊಂಡಾಗ, ಇನ್ನೂ ಚಳಿ ಇರುವಾಗಲೇ ಕೊಡುವ ಬೆಂಕಿ. ಪ್ರತಿ ವರ್ಷ ಕೊಡುತ್ತಿದ್ದ ಕಾರಣ ಸುಡಲು ಜಾಸ್ತಿ ಏನೂ ಇರುತ್ತಿರಲಿಲ್ಲ. ತರಗು ಸುಟ್ಟು ಹೋಗುತ್ತಿತ್ತು, ಮರ ಉಳಿಯುತ್ತಿತ್ತು, ಮಳೆ ಬಿದ್ದ ಮೇಲೆ ಎಳೆ ಹುಲ್ಲು ಬರುತ್ತಿತ್ತು. ನೆಲ್ಲಿ ಮರಕ್ಕೆ ಅಂಟಿ ಅದರ ಸಾರ ಹೀರುವ ಬಂದಣಿಕೆಯನ್ನು ನಾವು ಉಪ್ಪಿಲು ಅನ್ನುತ್ತೇವೆ. ತರಗು ಬೆಂಕಿ ಇದ್ದಾಗ ಉಪ್ಪಿಲು ಹತೋಟಿಯಲ್ಲಿತ್ತು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಈಗ ನೆಲ್ಲಿ ಮರಗಳಲ್ಲಿ ಅದು ಎಷ್ಟಿದೆ ಅಂತ ಕಾಡಿಗೆ ಬಂದವರು ಯಾರಾದರೂ ತಲೆ ಎತ್ತಿ ನೋಡಬಹುದು.

1974ರಲ್ಲಿ ಇಲ್ಲಿ ಅಭಯಾರಣ್ಯವಾಯಿತು. ಬೇಸಾಯಕ್ಕೂ ಬೆಂಕಿಗೂ ತಡೆ ಬಂತು. ಅಲ್ಲಿಂದ ಈಚೆಗೆ ಲಂಟಾನ ಕಾಡಿನ ಕೆಳಗೆಲ್ಲ ತುಂಬಿಕೊಂಡಿತು. ಅದು ನಮ್ಮ ನೆಲದ ಗಿಡವೇ ಅಲ್ಲ, ಮಧ್ಯ, ದಕ್ಷಿಣ ಅಮೆರಿಕದ ಕಡೆಯದು. ಬ್ರಿಟಿಷರ ಕಾಲದಲ್ಲಿ ಹೂವಿನ ಚೆಂದಕ್ಕೆ ಅಂತ ತಂದದ್ದು. ಬೆಂಕಿ ಬಿದ್ದಿದ್ದಕ್ಕೇ ಲಂಟಾನ ಬಂತು ಅನ್ನುವವರೂ ಇದ್ದಾರೆ. ಆ ಮಾತನ್ನು ನಾನು ಪೂರ್ತಿ ತಳ್ಳಿ ಹಾಕುವುದಿಲ್ಲ. ಬೇಸಿಗೆಯ ಜೋರು ಬೆಂಕಿಯಲ್ಲಿ ಬೇರೆ ಗಿಡಗಳು ಸಾಯುತ್ತವೆ, ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ, ನಾನೇ ಕಂಡಿದ್ದೇನೆ. ಹಾಗಾಗಿ ಯಾವ ಬೆಂಕಿ, ಯಾವ ತಿಂಗಳು, ಕೆಳಗೆ ಏನಿದೆ ಅಂತ ಕೇಳದೆ 'ಬೆಂಕಿ ಒಳ್ಳೆಯದು', 'ಬೆಂಕಿ ಕೆಟ್ಟದ್ದು' ಅನ್ನುವುದು ಸುಮ್ನೆ ಮಾತು.

ಈಗ ಬೆಂಕಿ ಬಿದ್ದಾಗಿನ ಕೆಲಸಕ್ಕೆ ಬರುತ್ತೇನೆ. ಹೊಸ ಹುಡುಗರು ಮೊದಲ ದಿನ ಮಾಡುವ ತಪ್ಪು ಒಂದೇ. ಸೊಪ್ಪಿನ ಕೊಂಬೆ ಎತ್ತಿ ಎತ್ತಿ ಬಡಿಯುತ್ತಾರೆ. ಬಡಿದಷ್ಟೂ ಕಿಡಿ ಹಾರಿ ಹಿಂದಕ್ಕೆ ಬೀಳುತ್ತದೆ. ಕೊಂಬೆಯನ್ನು ಉರಿಯ ಮೇಲೆ ಒತ್ತಿ, ಸುಟ್ಟ ನೆಲದ ಕಡೆಗೆ ಎಳೆಯಬೇಕು. ಫೆಬ್ರವರಿಯಲ್ಲಿ ಮರಗಳೆಲ್ಲ ಬೋಳು. ಹಸಿ ಸೊಪ್ಪು ಬೇಕಾದರೆ ಹಳ್ಳದ ದಡಕ್ಕೆ ಇಳಿಯಬೇಕು, ಅಲ್ಲಿ ನೇರಳೆ, ಹೊಂಗೆ ಸಿಗುತ್ತದೆ. ಹೋಗುವ ದಾರಿಯಲ್ಲೇ ಮುರಿದುಕೊಂಡು ಹೋಗಿ, ಮೇಲೆ ಹತ್ತಿದ ಮೇಲೆ ಹುಡುಕಬೇಡಿ. ಈಗ ಬೆನ್ನಿಗೆ ಹೊರುವ ಬ್ಲೋವರ್ ಬಂದಿದೆ. ತರಗನ್ನು ಊದಿ ಗಳಿಗೆಯಲ್ಲಿ ದಾರಿ ಮಾಡುತ್ತದೆ. ತುಂಬ ಉಪಕಾರವಾಗಿದೆ. ಆದರೆ ಲಂಟಾನದ ಒಳಗೆ ಅದರ ಆಟ ನಡೆಯುವುದಿಲ್ಲ.

ಬೆಂಕಿ ಇಳಿಜಾರನ್ನು ಓಡಿಕೊಂಡು ಹತ್ತುತ್ತದೆ. ಅದರ ಮೇಲಿನ ಕಡೆ ಯಾವತ್ತೂ ನಿಲ್ಲಬಾರದು. ಮಧ್ಯಾಹ್ನ ಅದರ ಮುಂದೆ ಹೋಗಿ ಹೋರಾಡುವ ಬದಲು, ದೂರದ ರೇಖೆಯಲ್ಲಿ ಕಾದು ಎದುರು ಬೆಂಕಿ ಕೊಡುವುದು ಮೇಲು, ಅಂದರೆ ಬರುವ ಬೆಂಕಿಗೆ ಸುಡಲು ಏನೂ ಸಿಗದ ಹಾಗೆ ನಾವೇ ಮುಂಚೆ ಸುಡುವುದು. ಬೆಳಗಿನ ಜಾವ ನಾಲ್ಕರಿಂದ ಏಳರವರೆಗೆ ಬೆಂಕಿ ಸುಸ್ತಾಗಿರುತ್ತದೆ. ಗಾಳಿ ಇರುವುದಿಲ್ಲ, ನೆಲ ತಂಪಾಗಿರುತ್ತದೆ. ನಮ್ಮ ಎಷ್ಟೋ ದೊಡ್ಡ ಬೆಂಕಿಗಳು ನಿಂತದ್ದು ಆ ಮೂರು ಗಂಟೆಯಲ್ಲೇ. ಕತ್ತಲಲ್ಲಿ ಆನೆ, ಕರಡಿಯ ಭಯ ಇದ್ದೇ ಇರುತ್ತದೆ, ಅದಕ್ಕೇ ಯಾರೂ ಒಬ್ಬರೇ ಹೋಗುವುದಿಲ್ಲ.

ಉರಿ ಆರಿದ ಮೇಲಿನ ಕೆಲಸ ಇನ್ನೂ ಮುಖ್ಯ. ಸುಟ್ಟ ಜಾಗದ ಅಂಚನ್ನು ಪೂರ್ತಿ ಸುತ್ತಬೇಕು. ಅಂಗೈಯಲ್ಲ, ಕೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿಯಬೇಕು. ಅಲ್ಲಿನ ಚರ್ಮ ತೆಳ್ಳಗಿರುತ್ತದೆ, ಬಿಸಿ ಬೇಗ ಗೊತ್ತಾಗುತ್ತದೆ. ಬಿದ್ದ ಮರದ ದಿಮ್ಮಿಯನ್ನು ಮಗುಚಿ ನೋಡಬೇಕು. ಎಲ್ಲಕ್ಕಿಂತ ಮೋಸ ಆನೆ ಲದ್ದಿ. ಒಣಗಿದ ಲದ್ದಿಯ ಉಂಡೆ ಹೊರಗೆ ಬೂದು ಬಣ್ಣಕ್ಕಿರುತ್ತದೆ, ಹೊಗೆಯೂ ಕಾಣುವುದಿಲ್ಲ. ಒಡೆದರೆ ಒಳಗೆ ನಾರೆಲ್ಲ ಕೆಂಪಗೆ ಕನಕನ ಅನ್ನುತ್ತಿರುತ್ತದೆ. ಗಂಟೆಗಟ್ಟಲೆ ಹಾಗೇ ಇರುತ್ತದೆ. ಅದು ಇಳಿಜಾರಿನಲ್ಲಿ ಉರುಳಿ ಕೆಳಗಿನ ಹುಲ್ಲಿಗೆ ಬಿದ್ದರೆ ಮತ್ತೆ ಮೊದಲಿಂದ ಶುರು. ಅದಕ್ಕೇ ನಮ್ಮ ಗುಂಪಿನಲ್ಲಿ ಒಬ್ಬರಿಗೆ ಲದ್ದಿ ಒಡೆಯುವುದೇ ಕೆಲಸ.

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ಕೆಲವೇ ದಿನದಲ್ಲಿ 10,000 ಎಕರೆಗೂ ಜಾಸ್ತಿ ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಆ ವಾರ ನಮ್ಮ ಕಾಡಿನಲ್ಲಿ ನಾವು ಯಾರೂ ಸರಿಯಾಗಿ ಮಲಗಲಿಲ್ಲ. ಅದಕ್ಕೆ ಎರಡು ವರ್ಷ ಮುಂಚೆ ಅಲ್ಲೇ ಬೆಂಕಿ ಆರಿಸಲು ಹೋದ ಒಬ್ಬ ಗಾರ್ಡ್ ಜೀವ ಬಿಟ್ಟಿದ್ದರು. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರಿಗೆ ಅವರ ವಿಷಯ ನಾನು ಹೇಳಿಯೇ ಹೇಳುತ್ತೇನೆ.

ಈಗ ಉಪಗ್ರಹದಿಂದಲೂ ಬೆಂಕಿ ಸುದ್ದಿ ಮೊಬೈಲಿಗೆ ಬರುತ್ತದೆ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆ ಕಳಿಸುತ್ತದೆ. ಅದರಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 375 ಮೀಟರ್ ಅಗಲದ ಚೌಕ. ಉಪಗ್ರಹ ನಮ್ಮ ತಲೆ ಮೇಲೆ ಹಾಯುವ ಹೊತ್ತಿಗೆ ಬೆಂಕಿ ಇದ್ದರೆ ಮಾತ್ರ ಕಾಣುತ್ತದೆ. ಒಳ್ಳೆಯದೇ. ಆದರೂ ಮೊದಲ ಹೊಗೆ ಕಾಣುವುದು ಪೋಡಿನಲ್ಲಿ ಒಲೆ ಹಚ್ಚಲು ಎದ್ದ ಹೆಂಗಸರಿಗೆ, ಸೌದೆಗೆ ಹೋದವರಿಗೆ. ಅವರು ಫೋನ್ ಮಾಡುತ್ತಾರಾ ಇಲ್ಲವಾ ಅನ್ನುವುದು ಉಳಿದ ಹನ್ನೊಂದು ತಿಂಗಳು ಅವರ ಜೊತೆ ನಾವು ಹೇಗಿದ್ದೆವು ಅನ್ನುವುದರ ಮೇಲೆ ನಿಂತಿದೆ. ನಮ್ಮ ಕಾಡಿನಲ್ಲಿ ಫೆಬ್ರವರಿ, ಮಾರ್ಚಿನ ಬೆಂಕಿ ತಾನಾಗಿ ಹತ್ತುವುದು ತೀರಾ ಅಪರೂಪ. ಮನುಷ್ಯನ ಕೈಯೇ ಇರುತ್ತದೆ.

ಆ ಇಳಿಜಾರು ಸುಟ್ಟ ಮೇಲೆ ನನಗೆ ಲಂಟಾನದ ಹುಚ್ಚೇ ಹಿಡಿಯಿತು. ಬುಡಕ್ಕೆ ಕಡಿದರೆ ಒಂದಕ್ಕೆ ಹತ್ತಾಗಿ ಚಿಗುರುತ್ತದೆ. ಮಳೆಗಾಲದಲ್ಲಿ, ನೆಲ ಮೆತ್ತಗಿರುವಾಗ, ಹಣ್ಣಾಗುವ ಮುಂಚೆ, ಗುದ್ದಲಿಯಲ್ಲಿ ಮಣ್ಣಿನಿಂದ ಎರಡು ಬೆರಳು ಕೆಳಗೆ ತಾಯಿಬೇರು ಕಡಿಯಬೇಕು. ಆಮೇಲೆ ಗಿಡವನ್ನು ಎತ್ತಿ ಬೇರು ಆಕಾಶಕ್ಕೆ ಬರುವಂತೆ ತಲೆಕೆಳಗಾಗಿ ಹಾಕಬೇಕು. ಹಾಗೆ ಮಾಡಿದರೆ ಮತ್ತೆ ಬೇರು ಬಿಡುವುದಿಲ್ಲ. ಹಕ್ಕಿ ಕೂರುವ ಮರಗಳ ಕೆಳಗೆ ಮುಂದಿನ ಎರಡು ಮೂರು ಮಳೆಗಾಲ ಸಸಿ ಕೀಳುತ್ತಲೇ ಇರಬೇಕು, ಹಣ್ಣು ತಿಂದು ಬೀಜ ಬೀಳಿಸುವುದು ಅವೇ.

2011ರಲ್ಲಿ ಇಲ್ಲಿ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು, ಅದೇ ವರ್ಷ ಸೋಲಿಗರ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಆ ಧೈರ್ಯದಲ್ಲಿ ನಮ್ಮ ಪೋಡಿನವರು ನೆಲ್ಲಿ ಮರ ಇರುವ ಐದು ಎಕರೆ ಆರಿಸಿಕೊಂಡೆವು. ಗಂಡಸರು, ಹೆಂಗಸರು ಸೇರಿ 20 ಜನ, ಎರಡು ಮಳೆಗಾಲ ಲಂಟಾನ ಕಿತ್ತೆವು. ಕೈಯೆಲ್ಲ ಮುಳ್ಳು. ಎರಡನೇ ವರ್ಷಕ್ಕೆ ಹುಲ್ಲು ಬಂತು. ಕಳೆದ ಬೇಸಿಗೆಯಲ್ಲಿ ಕಡವೆ ಮೇಯ್ದ ಗುರುತು ಕಂಡೆವು. ನೆಲ್ಲಿಯ ನಾಲ್ಕು ಸಸಿ ತಾವಾಗಿಯೇ ಎದ್ದಿವೆ.

ಆ ಐದು ಎಕರೆಗೆ ಮಾತ್ರ, ಸುತ್ತ ರೇಖೆ ಹಾಕಿ, ಜನವರಿಯಲ್ಲಿ ತರಗು ಬೆಂಕಿ ಕೊಟ್ಟು ನೋಡಲು ಬಿಡಿ ಅಂತ ಅರಣ್ಯ ಇಲಾಖೆಯನ್ನು ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಮಾವನಿಗೆ ಈಗ ನಡೆಯಲು ಕಷ್ಟ, ಆದರೂ ಕಡ್ಡಿ ಗೀರುವುದು ತಾವೇ ಅಂತ ಹೇಳಿದ್ದಾರೆ. ನಾವು ಈ ಮಳೆಗಾಲದಲ್ಲಿ ಮೂರನೇ ಸಲ ಸಸಿ ಕೀಳಲು ಹೋಗುತ್ತಿದ್ದೇವೆ. ಗುದ್ದಲಿಗಳಿಗೆ ಹೊಸ ಕಾವು ಹಾಕಿಸಿ ಆಗಿದೆ.