ಸ್ಪ್ರಿಂಕ್ಲರ್ ಸೋರುತ್ತಿದೆಯಾ? ವಾಲ್ವ್‌ಗೆ ಕೈ ಹಾಕುವ ಮೊದಲು ಮೋಟಾರ್ ನಿಲ್ಲಿಸಿ

ಚಿಕ್ಕಮಗಳೂರಿನಲ್ಲಿ ಮನೆ ಮುಂದಿನ ಲಾನ್‌ಗೆ, ಹಿತ್ತಲ ಗಿಡಗಳಿಗೆ ಹಾಕಿಸಿದ ಸ್ಪ್ರಿಂಕ್ಲರ್‌ಗೆ ಮಳೆಗಾಲ ಪೂರ್ತಿ ರಜೆ. ಅಷ್ಟು ತಿಂಗಳು ಸುಮ್ನೆ ಬಿದ್ದಿದ್ದ ಲೈನನ್ನು ಬೇಸಿಗೆಯ ಹೊತ್ತಿಗೆ ಆನ್ ಮಾಡಿದರೆ ಎಲ್ಲೋ ಒಂದು ಕಡೆ ನೀರು ಸೋರುವುದು ಮಾಮೂಲಿ. ಇಲಿ, ಹೆಗ್ಗಣ ಪೈಪ್ ಕಡಿದಿರುತ್ತವೆ. ನೀರು ಚಿಮ್ಮುವ ತೂತಿನಲ್ಲಿ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ. ಹುಲ್ಲು ಕತ್ತರಿಸುವ ಮಿಷನ್ ತಾಗಿ ಸ್ಪ್ರಿಂಕ್ಲರ್‌ನ ಬುಡವೇ ಸೀಳಿರುತ್ತದೆ. ರಿಪೇರಿ ಆಮೇಲೆ ನೋಡಿಕೊಳ್ಳಬಹುದು. ಮೊದಲು ನೀರು ನಿಲ್ಲಬೇಕು. ಅದೂ ಅಡುಗೆಮನೆ, ಬಚ್ಚಲುಮನೆಯ ನೀರು ನಿಲ್ಲದ ಹಾಗೆ.

ನೀರು ಬರುತ್ತಿರುವುದು ಎಲ್ಲಿಂದ?

ಸೋರುವುದು ಕಂಡ ಕೂಡಲೇ ಜನ ಓಡುವುದು ತಾರಸಿ ಮೇಲಿನ ಟ್ಯಾಂಕ್ ಹತ್ತಿರ. ಬಹಳ ಸಲ ಅಲ್ಲಿ ಏನೂ ಇರುವುದಿಲ್ಲ. ಲೆಕ್ಕ ಹೀಗಿದೆ: ನೀರು 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸಿಗುವ ಒತ್ತಡ ಸುಮಾರು 1 ಬಾರ್. ಒಂದು ಮಹಡಿ ಮನೆಯ ಟ್ಯಾಂಕ್‌ನಿಂದ ಅಷ್ಟೂ ಸಿಗುವುದಿಲ್ಲ. ನೆಲದಿಂದ ಮೇಲೆದ್ದು ಚಿಮ್ಮುವ ಸ್ಪ್ರಿಂಕ್ಲರ್‌ಗೆ, ಟಕ್ ಟಕ್ ಅನ್ನುತ್ತಾ ತಿರುಗುವ ಹಿತ್ತಾಳೆ ಸ್ಪ್ರಿಂಕ್ಲರ್‌ಗೆ 2 ಬಾರ್ ಆದರೂ ಬೇಕು. ಹಾಗಾಗಿ ನಿಮ್ಮ ಲೈನ್ ಹಿಂದೆ ಎಲ್ಲೋ ಒಂದು ಮೋಟಾರ್ ಇದ್ದೇ ಇರುತ್ತದೆ. ಒಂದೋ ಸಂಪಿನ ಪಕ್ಕದ ಪ್ರೆಶರ್ ಪಂಪ್, ಇಲ್ಲವೇ ಬೋರ್‌ವೆಲ್. ಕುಂಡಗಳಿಗೆ ಹಾಕುವ ಪುಟ್ಟ ಮೈಕ್ರೋ ಸ್ಪ್ರಿಂಕ್ಲರ್ ಮಾತ್ರವಾದರೆ ಟ್ಯಾಂಕ್‌ನಿಂದಲೇ ಬಂದಿರಬಹುದು. ಆಗ ಟ್ಯಾಂಕ್ ಬುಡದಿಂದ ತೋಟದ ಕಡೆ ಇಳಿಯುವ ಪೈಪಿನ ವಾಲ್ವ್ ಮುಚ್ಚಿದರೆ ಕೆಲಸ ಮುಗಿಯಿತು.

ಪ್ರೆಶರ್ ಪಂಪ್ ಇರುವ ಮನೆಯಲ್ಲಿ ಸೋರಿಕೆಯ ಗುರುತು ಕಿವಿಗೇ ಸಿಗುತ್ತದೆ. ರಾತ್ರಿ ಯಾರೂ ನಲ್ಲಿ ತಿರುಗಿಸದೇ ಇದ್ದರೂ ಪಂಪ್ ಆಗಾಗ ಗುರ್ ಅಂದು ನಿಲ್ಲುತ್ತಿದ್ದರೆ ಲೈನಿನಲ್ಲಿ ಎಲ್ಲೋ ನೀರು ಹೋಗುತ್ತಿದೆ ಅಂತಲೇ ತಿಳಿಯಿರಿ.

ಮೊದಲು ಮೋಟಾರ್, ಆಮೇಲೆ ವಾಲ್ವ್

ಬೋರ್‌ವೆಲ್‌ನಿಂದ ನೇರವಾಗಿ ಸ್ಪ್ರಿಂಕ್ಲರ್ ಓಡಿಸುವವರು ಈ ಕ್ರಮ ತಪ್ಪಿಸಲೇಬಾರದು. ಮೋಟಾರ್ ಓಡುತ್ತಿರುವಾಗ ವಾಲ್ವ್ ಮುಚ್ಚಿದರೆ ನೀರಿಗೆ ಹೋಗಲು ದಾರಿ ಇಲ್ಲ. ನೀರನ್ನು 100 ಮೀಟರ್ ಎತ್ತುವ ಪಂಪ್ ಇದೆ, ಬೋರ್‌ನಲ್ಲಿ ನೀರು 40 ಮೀಟರ್ ಆಳದಲ್ಲಿದೆ ಅಂದುಕೊಳ್ಳಿ. ಉಳಿದ 60 ಮೀಟರಿನ ಶಕ್ತಿ ಅಂದರೆ ಸುಮಾರು 6 ಬಾರ್ ಒತ್ತಡ. ವಾಲ್ವ್ ಪೂರ್ತಿ ಮುಚ್ಚಿದಾಗ ಅದಕ್ಕಿಂತಲೂ ಜಾಸ್ತಿ ಏರುತ್ತದೆ. ಹಿತ್ತಲಲ್ಲಿ ಹೂತಿರುವುದು 4 ಕೆಜಿ ಪಿವಿಸಿ ಪೈಪ್ (ಅಂದರೆ ಸುಮಾರು 4 ಬಾರ್ ಒತ್ತಡ ಮಾತ್ರ ತಡೆಯುವುದು) ಆಗಿದ್ದರೆ ಒಂದು ಕಡೆ ಸೋರುತ್ತಿದ್ದದ್ದು ಮೂರು ಕಡೆ ಬಿಟ್ಟುಕೊಳ್ಳುತ್ತದೆ. ಸಬ್‌ಮರ್ಸಿಬಲ್ ಮೋಟಾರ್ ತಣ್ಣಗಿರುವುದೇ ತನ್ನ ಮೈ ಸವರಿಕೊಂಡು ಹರಿಯುವ ನೀರಿನಿಂದ. ಹರಿವು ನಿಂತರೆ ಅದು ಬಿಸಿಯಾಗುತ್ತದೆ, ಕೊನೆಗೆ ಸುಟ್ಟರೂ ಸುಟ್ಟಿತು. ಮೋಟಾರ್ ಮೇಲೆತ್ತಿ ವೈಂಡಿಂಗ್ ಮಾಡಿಸುವ ಖರ್ಚಿನ ಮುಂದೆ ಸೋರಿಕೆಯ ರಿಪೇರಿ ಏನೇನೂ ಅಲ್ಲ.

ಸ್ಟಾರ್ಟರ್‌ನ ಕೆಂಪು ಬಟನ್ ಒತ್ತಿ ಬಂದುಬಿಟ್ಟರೆ ಸಾಲದು. ನಮ್ಮ ಕಡೆ ಅರ್ಧಕ್ಕರ್ಧ ಸ್ಟಾರ್ಟರ್‌ಗಳಿಗೆ ಆಟೋ ಹಾಕಿಸಿರುತ್ತಾರೆ. ಕರೆಂಟ್ ಹೋಗಿ ಬಂದರೆ ಮೋಟಾರ್ ತಾನಾಗಿ ಓಡಲಿ ಅಂತ. ನೀವು ಮಣ್ಣು ಅಗೆದು, ಪೈಪ್ ಕತ್ತರಿಸಿ ಕೂತಿರುವಾಗ ಕರೆಂಟ್ ಬಂದರೆ? ಆಟೋ ಸ್ವಿಚ್ ಆಫ್ ಮಾಡಿ, ಮೇನ್ ಸ್ವಿಚ್ ಕೂಡ ಕೆಳಗಿಳಿಸಿ. ಮೊಬೈಲ್‌ನಿಂದ ಮೋಟಾರ್ ಆನ್ ಮಾಡುವ ವ್ಯವಸ್ಥೆ ಇದ್ದರೆ ಮನೆಯವರಿಗೆಲ್ಲ ಒಂದು ಮಾತು ಹೇಳಿಟ್ಟಿರಿ. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಸ್ಟಾರ್ಟರ್ ಹತ್ತಿರ ಹೋಗುವುದು ಬೇಡವೇ ಬೇಡ.

ಪ್ರೆಶರ್ ಪಂಪ್‌ನ ಕತೆ ಸ್ವಲ್ಪ ಬೇರೆ. ಅದು ಬಚ್ಚಲಿನ ಶವರ್‌ಗೂ ನೀರು ಕೊಡುತ್ತಿದ್ದರೆ ದಿನವಿಡೀ ಆಫ್ ಇಡಲು ಆಗುವುದಿಲ್ಲ, ಅಲ್ವಾ? ಪಂಪ್ ಆಫ್ ಮಾಡಿ, ತೋಟದ ಕಡೆಯ ವಾಲ್ವ್ ಮಾತ್ರ ಮುಚ್ಚಿ, ಮತ್ತೆ ಪಂಪ್ ಆನ್ ಮಾಡಿ. ಒತ್ತಡ ತುಂಬಿದ ಮೇಲೆ ಅದು ತಾನೇ ನಿಲ್ಲುತ್ತದೆ. ನಿಲ್ಲದಿದ್ದರೆ ವಾಲ್ವ್ ಸರಿಯಾಗಿ ಮುಚ್ಚಿಲ್ಲ, ಇಲ್ಲವೇ ಸೋರಿಕೆ ಬೇರೆ ಕಡೆ ಇದೆ.

ವಾಲ್ವ್ ಮುಚ್ಚುವುದು

ತೋಟದ ವಾಲ್ವ್ ಸಾಮಾನ್ಯವಾಗಿ ಸಂಪಿನ ಪಕ್ಕ, ಬೋರ್ ಹತ್ತಿರ ಪೈಪ್ ಕವಲೊಡೆಯುವ ಟೀ ಜಾಯಿಂಟ್ ಬಳಿ ಅಥವಾ ಲಾನ್ ಅಂಚಿನಲ್ಲಿ ಮುಚ್ಚಳ ಹಾಕಿದ ಚಿಕ್ಕ ಗುಂಡಿಯಲ್ಲಿರುತ್ತದೆ. ಗುಂಡಿಯೊಳಗೆ ನೇರ ಕೈ ಹಾಕಬೇಡಿ. ಮುಚ್ಚಳವನ್ನು ಕೋಲಿನಿಂದ ಸರಿಸಿ, ಟಾರ್ಚ್ ಬಿಟ್ಟು ನೋಡಿ. ತಂಪಾದ ಜಾಗ, ಹಾವು ಚೇಳುಗಳಿಗೂ ಇಷ್ಟ.

ಉದ್ದ ಹಿಡಿಯ ಬಾಲ್ ವಾಲ್ವ್ ಆದರೆ ಕಾಲು ಸುತ್ತು ಸಾಕು. ಹಿಡಿ ಪೈಪಿನ ಉದ್ದಕ್ಕೇ ಇದ್ದರೆ ತೆರೆದಿದೆ, ಅಡ್ಡಡ್ಡ ಇದ್ದರೆ ಮುಚ್ಚಿದೆ. ಗುಂಡಗಿನ ಚಕ್ರದ ಗೇಟ್‌ವಾಲ್ ಆದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೆ ಸುತ್ತುತ್ತಾ ಹೋಗಬೇಕು. ಹಳೆಯ ಗೇಟ್‌ವಾಲ್ ಜಾಮ್ ಆಗಿದ್ದರೆ ಪೈಪ್ ರೆಂಚ್ ಹಾಕಿ ಒದ್ದಾಡಬೇಡಿ, ದಂಡವೇ ಮುರಿದು ಕೈಗೆ ಬರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದು, ಹಿಂದೆ ಮುಂದೆ ಅಲ್ಪ ಅಲ್ಪವೇ ಆಡಿಸಿ. ಪೂರ್ತಿ ಮುಚ್ಚಿದರೂ ನೀರು ದಾಟುತ್ತಿದ್ದರೆ ಒಳಗೆ ಮರಳು ಕೂತಿರಬಹುದು. ಒಂದೆರಡು ಸುತ್ತು ಬಿಚ್ಚಿ, ನೀರು ರಭಸವಾಗಿ ಹೋಗಲು ಬಿಟ್ಟು ಮತ್ತೆ ಮುಚ್ಚಿ ನೋಡಿ.

ಟೈಮರ್ ಇರುವ ಮನೆಗಳಲ್ಲಿ ಕರೆಂಟ್‌ನಿಂದ ತಾನೇ ತೆರೆದು ಮುಚ್ಚುವ ಸೋಲೆನಾಯ್ಡ್ ವಾಲ್ವ್ ಇರುತ್ತದೆ. ಹೆಚ್ಚಿನವು 24 ವೋಲ್ಟ್‌ನವು. ಟೈಮರ್ ಆಫ್ ಮಾಡಿದರೂ ಒಂದು ಭಾಗದಲ್ಲಿ ಮಾತ್ರ ನೀರು ಬರುತ್ತಲೇ ಇದೆ ಅಂದರೆ ವಾಲ್ವ್ ಒಳಗಿನ ರಬ್ಬರ್ ಪದರದಲ್ಲಿ ಕಸ ಸಿಕ್ಕಿದೆ. ಅದಕ್ಕಿಂತ ಹಿಂದಿನ ಕೈ ವಾಲ್ವ್ ಮುಚ್ಚಿ, ಮೇಲಿನ ಸ್ಕ್ರೂ ಬಿಚ್ಚಿ, ರಬ್ಬರ್ ತೊಳೆದು ಹಾಗೇ ಕೂರಿಸಿದರೆ ಬಹುತೇಕ ಸರಿಹೋಗುತ್ತದೆ.

ಮುಚ್ಚಿದ ಮೇಲೂ ತೊಟ್ಟಿಕ್ಕುತ್ತಿದ್ದರೆ

ಗಾಬರಿ ಬೇಡ. ಮಲೆನಾಡಿನ ಜಾಗ, ಲಾನ್ ಅಂದರೂ ಇಳಿಜಾರೇ. ಪೈಪಿನಲ್ಲಿ ಉಳಿದ ನೀರು ಎಲ್ಲಕ್ಕಿಂತ ತಗ್ಗಿನಲ್ಲಿರುವ ಸ್ಪ್ರಿಂಕ್ಲರ್‌ನಿಂದ ಇಳಿದು ಖಾಲಿಯಾಗುತ್ತದೆ. ಒಂದರ್ಧ ಗಂಟೆ ಬಿಟ್ಟು ನೋಡಿ. ಆಮೇಲೂ ನಿಲ್ಲದಿದ್ದರೆ ಅಳೆಯಿರಿ. ಸೆಕೆಂಡಿಗೆ ಒಂದು ಹನಿ ಅಂದರೆ ದಿನಕ್ಕೆ 20 ಲೀಟರ್ ಆಸುಪಾಸು, ಪ್ಲಂಬರ್ ಬಿಡುವಾಗಿ ಬರುವವರೆಗೆ ಕೆಳಗೆ ಬಕೆಟ್ ಇಟ್ಟರೂ ನಡೆಯುತ್ತದೆ. ನಿಮಿಷಕ್ಕೆ ಒಂದು ಲೀಟರ್ ಆದರೆ ದಿನಕ್ಕೆ 1,440 ಲೀಟರ್. ಸಾವಿರ ಲೀಟರಿನ ಟ್ಯಾಂಕ್ 17 ಗಂಟೆಯೊಳಗೆ ಬರಿದು. ಊರಿಗೆ ಹೆಚ್ಚಾಗಿ ಬರುವುದು ಬೇಲೂರಿನ ಯಗಚಿ ಜಲಾಶಯದಿಂದ ಇಷ್ಟು ದೂರ ಪಂಪ್ ಮಾಡಿ ತಂದ ನೀರು. ಅದು ಹುಲ್ಲಿನಡಿ ಇಂಗಿ ಹೋಗುವುದನ್ನು ನೋಡಿಕೊಂಡು ಕೂರಲು ನನಗಂತೂ ಆಗುವುದಿಲ್ಲ.

ತೋಟದ ಲೈನಿಗೆ ವಾಲ್ವೇ ಇಡದ ಮನೆಗಳೂ ಇವೆ. ಆಗ ಮೋಟಾರ್ ಆಫ್ ಮಾಡಿ, ಒಡೆದ ಸ್ಪ್ರಿಂಕ್ಲರನ್ನು ತಿರುಗಿಸಿ ಬಿಚ್ಚಿ, ಆ ಜಾಗಕ್ಕೆ ಟೆಫ್ಲಾನ್ ಟೇಪ್ ಸುತ್ತಿದ ಎಂಡ್ ಕ್ಯಾಪ್ (ಪೈಪಿನ ಬಾಯಿ ಮುಚ್ಚುವ ಮುಚ್ಚಳ) ಹಾಕಿ. ತೆಳು ಕಪ್ಪು ಪೈಪಾದರೆ ಮಡಚಿ ತಂತಿಯಿಂದ ಬಿಗಿದರೂ ನಿಲ್ಲುತ್ತದೆ. ಪಿವಿಸಿ ಸೀಳಿದ್ದರೆ ಸೈಕಲ್ ಟ್ಯೂಬ್ ಪಟ್ಟಿಯನ್ನು ಎಳೆದು ಸುತ್ತಿ ಒಂದು ದಿನ ಸುಧಾರಿಸಬಹುದು, ಅದನ್ನೇ ರಿಪೇರಿ ಅಂದುಕೊಳ್ಳಬೇಡಿ. ಪ್ಲಂಬರ್ ಬಂದಾಗ ಟೀ ದಾಟಿದ ಕೂಡಲೇ ಒಂದು ಬಾಲ್ ವಾಲ್ವ್, ಜೊತೆಗೆ ಒಂದು ಯೂನಿಯನ್ (ಪೈಪ್ ಕತ್ತರಿಸದೆ ಬಿಚ್ಚಿ ಹಾಕಲು ಬರುವ ಜಾಯಿಂಟ್) ಹಾಕಿಸಿಕೊಳ್ಳಿ. ಗುಂಡಿ ಮುಚ್ಚುವ ಮೊದಲು ಪೈಪ್ ಹೋದ ದಾರಿಯ ಫೋಟೊ ಮೊಬೈಲಿನಲ್ಲಿ ತೆಗೆದಿಡಿ.

ಮತ್ತೆ ನೀರು ಬಿಡುವಾಗ

ಸೊಲ್ಯೂಷನ್ (ಪಿವಿಸಿ ಅಂಟು) ಹಚ್ಚಿ ಜೋಡಿಸಿದ ಪೈಪಿಗೆ ತಕ್ಷಣ ಒತ್ತಡ ಕೊಡಬೇಡಿ. ರಾತ್ರಿ ಕಳೆಯಲಿ. ಮರುದಿನ ಲೈನಿನ ಕೊನೆಯ ಎಂಡ್ ಕ್ಯಾಪ್ ಬಿಚ್ಚಿಟ್ಟು, ವಾಲ್ವ್ ಅರ್ಧ ತೆರೆದು ಮೋಟಾರ್ ಆನ್ ಮಾಡಿ. ಒಳಗಿನ ಗಾಳಿ, ಮಣ್ಣು, ಪಿವಿಸಿ ಪುಡಿ ಎಲ್ಲ ಅಲ್ಲಿಂದ ಹೊರಗೆ ಬರುತ್ತದೆ. ನೀರು ತಿಳಿಯಾದ ಮೇಲೆ ಮೋಟಾರ್ ನಿಲ್ಲಿಸಿ ಕ್ಯಾಪ್ ಹಾಕಿ. ಮತ್ತೆ ಆನ್ ಮಾಡಿ ವಾಲ್ವನ್ನು ನಿಧಾನವಾಗಿ ಪೂರ್ತಿ ತೆರೆಯಿರಿ. ಒಂದು ಸರದಿ ಮುಗಿಯುವವರೆಗೆ ಜೋಡಿಸಿದ ಜಾಗದಲ್ಲೇ ನಿಂತು ನೋಡಿ. ಅಲ್ಲಿ ಒಣಗಿದ್ದರೆ ಮಾತ್ರ ಮಣ್ಣು ಮುಚ್ಚಿ, ಸ್ಟಾರ್ಟರ್‌ನ ಆಟೋ ಮತ್ತೆ ಹಾಕಿ.