ಡೊರೊಹೆಡೊರೊ ಸರಣಿಯನ್ನು ನೋಡುವ ಬಗೆ

ಹಲ್ಲಿಯ ತಲೆಯುಳ್ಳ ದೈತ್ಯನೊಬ್ಬ ಮಾಟಗಾತಿಯೊಬ್ಬಳ ತಲೆಯನ್ನು ಪೂರ್ತಿ ಬಾಯಿಗೆ ಹಾಕಿಕೊಂಡಿದ್ದಾನೆ. ಅವನ ಗಂಟಲಿನೊಳಗಿಂದ ಇನ್ನೊಬ್ಬ ಮನುಷ್ಯನ ಮುಖ ಹೊರಬಂದು ಅವಳನ್ನು ದಿಟ್ಟಿಸಿ ನೋಡುತ್ತದೆ. ಬಳಿಕ ಆ ದೈತ್ಯ ತನ್ನ ಬಾಯೊಳಗಿನವನು ಏನು ಹೇಳಿದನೆಂದು ವಿಚಾರಿಸುತ್ತಾನೆ. ಆ ಗಲಾಟೆ ಮುಗಿದ ಮೇಲೆ ಗೆಳತಿಯ ಹೋಟೆಲಿನಲ್ಲಿ ಕೂತು ತಟ್ಟೆಗಟ್ಟಲೆ ಗ್ಯೋಜಾ ತಿನ್ನುತ್ತಾನೆ. ಡೊರೊಹೆಡೊರೊ ಎಂಬ ಜಪಾನಿ ಆನಿಮೇಷನ್ ಸರಣಿ ಆರಂಭವಾಗುವುದು ಹೀಗೆ, ಯಾವ ಪೀಠಿಕೆಯೂ ಇಲ್ಲದೆ. ಇದನ್ನು ಭಯಾನಕ ಕಥೆಯೆಂದು ನೋಡಲು ಕುಳಿತವರಿಗೆ ಊಟದ ದೃಶ್ಯಗಳು ಅಡ್ಡಿಯೆನಿಸುತ್ತವೆ. ಹಾಸ್ಯವೆಂದು ಕುಳಿತವರಿಗೆ ರಕ್ತ ಅತಿಯೆನಿಸುತ್ತದೆ. ಎರಡನ್ನೂ ಒಂದೇ ದಿನಚರಿಯ ಭಾಗವೆಂದು ಒಪ್ಪಿಕೊಂಡು ನೋಡಿದರೆ ಮಾತ್ರ ಈ ಸರಣಿಯ ರುಚಿ ಹತ್ತುತ್ತದೆ.

ಇದು ವಯಸ್ಕರಿಗೆ ಮಾತ್ರ ಎಂಬುದನ್ನು ಮೊದಲೇ ಹೇಳಬೇಕು. ಕೈಕಾಲು ಕತ್ತರಿಸುವ ದೃಶ್ಯಗಳು ಧಾರಾಳವಾಗಿವೆ, ನಗ್ನತೆಯೂ ಇದೆ. ಮಕ್ಕಳು ಓಡಾಡುವ ಹಾಲ್‌ನಲ್ಲಿ ಹಾಕಿಕೊಂಡು ಕೂರುವಂಥದ್ದಲ್ಲ. ಮಪ್ಪಾ ಸ್ಟುಡಿಯೊ ತಯಾರಿಸಿ, ಯುಇಚಿರೊ ಹಯಾಶಿ ನಿರ್ದೇಶಿಸಿದ ಮೊದಲ ಭಾಗದಲ್ಲಿ 12 ಕಂತುಗಳಿವೆ. ಅದು 2020ರ ಜನವರಿಯಿಂದ ಮಾರ್ಚ್‌ವರೆಗೆ ಜಪಾನಿನಲ್ಲಿ ಪ್ರಸಾರವಾಗಿ, ಅದೇ ವರ್ಷದ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಮೂಲಕ ಹೊರದೇಶಗಳಿಗೆ ಬಂದಿತು. ಸಾಧ್ಯವಿದ್ದರೆ ಜಪಾನಿ ಧ್ವನಿಯನ್ನೇ ಇಟ್ಟುಕೊಂಡು ಸಬ್‌ಟೈಟಲ್ ಓದುತ್ತಾ ನೋಡಿ. ಹಲ್ಲಿತಲೆಯ ನಾಯಕ ಕೈಮನ್‌ಗೆ ಧ್ವನಿ ಕೊಟ್ಟ ವತಾರು ತಕಾಗಿ ಅವರ ಒರಟು, ಆದರೆ ಒಳಗೊಳಗೇ ಮುಗ್ಧವಾದ ದನಿಯಲ್ಲಿ ಈ ಪಾತ್ರದ ಅರ್ಧ ಜೀವವಿದೆ. ಮೊದಲ ಮೂರು ಕಂತುಗಳನ್ನಾದರೂ ಒಟ್ಟಿಗೆ ನೋಡುವುದು ಒಳ್ಳೆಯದು, ಏಕೆಂದರೆ ಒಂದೇ ಕಂತಿಗೆ ನಿಲ್ಲಿಸಿದವರ ಮನಸ್ಸಿನಲ್ಲಿ ಗೊಂದಲವಷ್ಟೇ ಉಳಿಯುತ್ತದೆ.

ಹಿನ್ನೆಲೆಯಾಗಿ ತಿಳಿದಿರಬೇಕಾದದ್ದು ಬಹಳ ಕಡಿಮೆ. ಹೋಲ್ ಎಂಬ ಕೊಳಕು ನಗರದಲ್ಲಿ ಸಾಮಾನ್ಯ ಮನುಷ್ಯರಿದ್ದಾರೆ. ಬೇರೊಂದು ಲೋಕದಲ್ಲಿ ಮಾಟಗಾರರಿದ್ದಾರೆ. ಮಾಟಗಾರರ ದೇಹದಿಂದ ಹೊರಡುವ ಕಪ್ಪು ಹೊಗೆಯೇ ಅವರ ಮಾಟ. ಅವರು ಬಾಗಿಲೊಂದನ್ನು ಸೃಷ್ಟಿಸಿಕೊಂಡು ಹೋಲ್‌ಗೆ ಬಂದು, ಅಲ್ಲಿನ ಜನರ ಮೇಲೆ ತಮ್ಮ ವಿದ್ಯೆಯನ್ನು ಪ್ರಯೋಗಿಸಿ ಕೈ ಪಳಗಿಸಿಕೊಳ್ಳುತ್ತಾರೆ. ಹಾಗೆ ವಿಕಾರಗೊಂಡವರಿಗಾಗಿಯೇ ಅಲ್ಲಿನ ಆಸ್ಪತ್ರೆಯಲ್ಲಿ ಪ್ರತ್ಯೇಕ ವಿಭಾಗವಿದೆ. ಕೈಮನ್ ಅಂಥ ಬಲಿಪಶುಗಳಲ್ಲಿ ಒಬ್ಬ: ತಲೆ ಹಲ್ಲಿಯದಾಗಿದೆ, ಹಳೆಯ ನೆನಪುಗಳು ಅಳಿಸಿಹೋಗಿವೆ, ಮಾತ್ರವಲ್ಲ, ಈಗ ಅವನ ಮೇಲೆ ಯಾವ ಮಾಟವೂ ನಡೆಯುವುದಿಲ್ಲ. ಇಷ್ಟು ಸಾಕು. ಇದಕ್ಕಿಂತ ಹೆಚ್ಚಿಗೆ ತಿಳಿಯಲು ಅಂತರಜಾಲದ ಪಾತ್ರಪಟ್ಟಿಗಳನ್ನು ತೆರೆಯಬೇಡಿ. ಕೈಮನ್ ಯಾರು ಎಂಬ ಪ್ರಶ್ನೆಯ ಉತ್ತರ ಅಲ್ಲಿ ಮೊದಲ ಸಾಲಿನಲ್ಲೇ ಕಾದು ಕುಳಿತಿರಬಹುದು.

ನೋಡುವಾಗ ಆ ಪ್ರಶ್ನೆಯನ್ನೇ ಬೆನ್ನಟ್ಟಿಕೊಂಡು ಹೋಗಬೇಡಿ. ಕಥೆಗಾರ್ತಿಗೂ ಅವಸರವಿಲ್ಲ. ಅದರ ಬದಲು ಊಟದ ಕಡೆಗೆ ಗಮನ ಕೊಡಿ. ಕೈಮನ್‌ನ ಗೆಳತಿ ನಿಕೈಡೊ ನಡೆಸುವ ಪುಟ್ಟ ಹೋಟೆಲಿನಲ್ಲಿ ಬಾಣಲೆಯಿಂದ ಇಳಿಯುವ ಗ್ಯೋಜಾ, ಅಂದರೆ ಮಾಂಸದ ಹೂರಣ ತುಂಬಿ, ಒಂದು ಮಗ್ಗುಲನ್ನು ಗರಿಗರಿಯಾಗಿ ಬೇಯಿಸಿದ, ನಮ್ಮ ಕರ್ಜಿಕಾಯಿಯ ಆಕಾರದ ತಿನಿಸು, ಇಲ್ಲಿನ ಯಾವುದೇ ಹೊಡೆದಾಟಕ್ಕಿಂತ ಕಡಿಮೆ ಶ್ರದ್ಧೆಯಿಂದ ಚಿತ್ರಿತವಾಗಿಲ್ಲ. ತನ್ನ ಹೆಸರೇ ಗೊತ್ತಿಲ್ಲದವನಿಗೆ ಇಷ್ಟದ ತಿಂಡಿ ಯಾವುದೆಂಬುದು ಮಾತ್ರ ಖಚಿತವಾಗಿ ಗೊತ್ತು. ಕೈಮನ್ ಮತ್ತು ನಿಕೈಡೊ ಒಬ್ಬರಿಗೊಬ್ಬರು ಏನೆಂಬುದನ್ನು ಸರಣಿ ಮಾತಿನಲ್ಲಿ ಹೇಳುವುದು ಅಪರೂಪ. ಅವಳು ಬಡಿಸುವ ರೀತಿಯಲ್ಲಿ, ಅವನು ತಿನ್ನುವ ರೀತಿಯಲ್ಲಿ ಅದು ಕಾಣುತ್ತದೆ.

ಮೂರನೆಯ ಕಂತಿನ ಹೊತ್ತಿಗೆ ಖಳರೆಂದು ನೀವು ಗುರುತು ಹಾಕಿಕೊಂಡವರ ಪರಿಚಯವೂ ಆಗಿರುತ್ತದೆ. ಗಟ್ಟಿ ಹಾಸ್ಯ ಇರುವುದು ಅಲ್ಲೇ ಎಂಬುದು ನನ್ನ ಅಭಿಪ್ರಾಯ. ಎನ್ ಎಂಬ, ಮಾಟಗಾರರ ಯಜಮಾನ ತನಗೆ ಆಗದವರನ್ನು ಅಣಬೆಗಳನ್ನಾಗಿ ಮಾಡಿಬಿಡುತ್ತಾನೆ. ಅವನ ಕೈಕೆಳಗಿನ ಶಿನ್, ಹೃದಯದ ಆಕಾರದ ಮುಖವಾಡ ಹಾಕಿಕೊಂಡು ಸುತ್ತಿಗೆ ಹಿಡಿದು ಓಡಾಡುವ ಕೊಲೆಗಾರ. ಅವನ ಮಾಟದಿಂದ ತುಂಡುತುಂಡಾದವರು ಸಾಯುವುದಿಲ್ಲ, ತುಂಡುಗಳಾಗಿಯೇ ಬದುಕಿರುತ್ತಾರೆ. ಅವನಿಗಿಂತ ಎತ್ತರ, ಅವನಿಗಿಂತ ಭಾರಿ ಮೈಕಟ್ಟಿನ ಜೊತೆಗಾತಿ ನೊಯಿಯ ಮಾಟವಾದರೋ ಗಾಯ ವಾಸಿಮಾಡುವಂಥದ್ದು. ಇವರಿಬ್ಬರ ನಡುವಿನ ವಿಶ್ವಾಸವನ್ನು, ಕೆಲಸ ಮುಗಿಸಿ ಮನೆಗೆ ಹೊರಟ ಸಹೋದ್ಯೋಗಿಗಳ ಹಾಗೆ ಹರಟುವ ಪರಿಯನ್ನು ನೋಡುತ್ತಾ, ಇವರು ಬಂದದ್ದೇ ಯಾರನ್ನೋ ಕೊಲ್ಲಲು ಎಂಬುದು ನಮಗೆ ಮರೆತುಹೋಗುತ್ತದೆ. ಯಾರ ಪರ ನಿಲ್ಲಬೇಕೆಂದು ಆಗ ತೀರ್ಮಾನಿಸಲು ಹೊರಡಬೇಡಿ. ಜೊತೆಗಾರನನ್ನು ಕಳೆದುಕೊಂಡು ಸೇಡಿಗಾಗಿ ಅಲೆಯುವ ಅಸಮರ್ಥ ಫುಜಿತಾ, ಕೈಮನ್‌ನ ಹಲ್ಲುಗಳಿಗೆ ಸಿಕ್ಕು ಮುಖವನ್ನೂ ಬುದ್ಧಿಯ ಸಮತೋಲವನ್ನೂ ಕಳೆದುಕೊಂಡ ಎಬಿಸು, ಇವರ ಕಣ್ಣಿನಿಂದ ನೋಡಿದರೆ ಕೈಮನ್ನೇ ರಾಕ್ಷಸ. ಎಬಿಸುವಿನ ಚೇಷ್ಟೆಗಳಿಗೆ ನಕ್ಕ ಮೇಲೆ, ಆ ಚೇಷ್ಟೆಗಳ ಮೂಲ ನಾವು ಮೆಚ್ಚಿದ ನಾಯಕನ ದವಡೆಯೆಂದು ನೆನಪಾದಾಗ ಆಗುವ ಮುಜುಗರವನ್ನು ಸರಣಿ ಬೇಕೆಂದೇ ಉಂಟುಮಾಡುತ್ತದೆ.

ಅಸಂಗತತೆಯನ್ನು ಸವಿಯಲು ಒಂದು ಉಪಾಯವಿದೆ: ದೃಶ್ಯದಲ್ಲಿ ನಡೆಯುತ್ತಿರುವುದಕ್ಕೆ ಅಲ್ಲಿನವರು ಯಾಕೆ ಬೆಚ್ಚುತ್ತಿಲ್ಲ ಎಂದು ನೋಡುತ್ತಿರಿ. ವರ್ಷಕ್ಕೊಮ್ಮೆ ಹೋಲ್‌ನಲ್ಲಿ ಸತ್ತವರು ಎದ್ದುಬರುವ ರಾತ್ರಿಯೊಂದಿದೆ. ಬೇರೆ ಕಥೆಯಾಗಿದ್ದರೆ ಅದು ಲೋಕದ ಅಂತ್ಯವೇ ಆಗುತ್ತಿತ್ತು. ಇಲ್ಲಿ ಅದೊಂದು ಊರಹಬ್ಬ: ಹೆಣಗಳನ್ನು ಹೊಡೆದುರುಳಿಸಿದವರಿಗೆ ಬಹುಮಾನವಿದೆ, ಜನ ಆಯುಧ ಸಜ್ಜುಮಾಡಿಕೊಂಡು ಉತ್ಸಾಹದಿಂದ ಹೊರಡುತ್ತಾರೆ. ಮಾಟಗಾರರ ಹೊಗೆ ತಲೆಮಾರುಗಳಿಂದ ಆ ನೆಲಕ್ಕೆ ಇಳಿದದ್ದರ ಫಲವಿದು ಎಂಬ ಕಾರಣ ಮಾತ್ರ ಸ್ವಲ್ಪವೂ ತಮಾಷೆಯದಲ್ಲ. ಶೋಷಣೆಯನ್ನು ತಪ್ಪಿಸಿಕೊಳ್ಳಲಾಗದ ಜನ ಅದಕ್ಕೊಂದು ದಿನ ಗೊತ್ತುಮಾಡಿ, ಬಹುಮಾನವಿಟ್ಟು, ಬದುಕಿನೊಳಗೆ ಸೇರಿಸಿಕೊಂಡಿದ್ದಾರೆ.

ಎರಡನೆಯ ಸಲ ನೋಡುವುದಾದರೆ ಪಾತ್ರಗಳನ್ನು ಬಿಟ್ಟು ಹಿನ್ನೆಲೆಯನ್ನು ನೋಡಿ. ಕಲಾ ನಿರ್ದೇಶಕ ಶಿಂಜಿ ಕಿಮುರಾ ಅವರ ಹೋಲ್ ನಗರದಲ್ಲಿ ತುಕ್ಕು ಹಿಡಿದ ಕೊಳವೆ, ಜೋತುಬಿದ್ದ ತಂತಿ, ಮಸಿ ಮೆತ್ತಿದ ಗೋಡೆ ಒಂದೊಂದಕ್ಕೂ ವಯಸ್ಸಿದೆ. ಪಾತ್ರಗಳನ್ನು ಬಹುಮಟ್ಟಿಗೆ ಕಂಪ್ಯೂಟರ್‌ನ ಮೂರು ಆಯಾಮದ ಮಾದರಿಗಳಾಗಿ ಚಲಿಸುವಂತೆ ಮಾಡಿರುವುದರಿಂದ ಆರಂಭದಲ್ಲಿ ಚಲನೆ ತುಸು ಬಿಗಿಯೆನಿಸಬಹುದು. ಆದರೆ ಮುಖವಾಡಗಳೂ ಹಲ್ಲಿಯ ಚರ್ಮವೂ ತುಂಬಿದ ಈ ಲೋಕಕ್ಕೆ ಆ ಬಿಗಿತ ಹೊಂದಿಕೊಳ್ಳುತ್ತದೆ.

ಸರಣಿ ಹಿಡಿಸಿದರೆ ಕ್ಯು ಹಯಾಶಿದಾ ಅವರ ಮೂಲ ಮಾಂಗಾವನ್ನು, ಅಂದರೆ ಜಪಾನಿ ಚಿತ್ರಕಥಾ ಪುಸ್ತಕವನ್ನು, ಓದಬಹುದು. 2000ದಲ್ಲಿ ಆರಂಭವಾಗಿ 2018ರಲ್ಲಿ ಮುಗಿದ ಅದು 23 ಸಂಪುಟಗಳಷ್ಟಿದ್ದು, ಮೊದಲ 12 ಕಂತುಗಳು ಅದರ ಆರಂಭದ ಭಾಗವನ್ನಷ್ಟೇ ಒಳಗೊಂಡಿವೆ. ಮುಂದಿನ ಭಾಗದ ಘೋಷಣೆ 2024ರಲ್ಲಿ ಆಯಿತು. ಮಾಂಗಾವನ್ನು ಕಂತುಗಳು ನಿಂತ ಜಾಗದಿಂದ ಎತ್ತಿಕೊಳ್ಳದೆ ಮೊದಲ ಪುಟದಿಂದಲೇ ಓದಿ. ಅಲ್ಲಿನ ಒರಟು ಗೀಚುಗೆರೆಗಳಲ್ಲಿ ಕೈಮನ್ ಇನ್ನಷ್ಟು ಭಾರವಾಗಿಯೂ ಇನ್ನಷ್ಟು ಹಸಿದವನಾಗಿಯೂ ಕಾಣುತ್ತಾನೆ.