ಯರಿಮಣ್ಣಿನ ಹಿತ್ತಲಲ್ಲಿ ತಂಗಡಿ ಬೆಳೆಸುವುದು

ಕಲಬುರಗಿಯಿಂದ ಸೇಡಂ ಕಡೆ ಹೊರಟರೆ ಕಲ್ಲು ಮರಡಿ ಮೇಲೆ, ಹೊಲದ ಒಡ್ಡಿನ ಮೇಲೆ ಮೈತುಂಬ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದಲ್ಲ, ಅದೇ ತಂಗಡಿ. ಆವರಿಕೆ ಅಂತಲೂ ಕರೆಯುತ್ತಾರೆ. ಗಡಿ ದಾಟಿದರೆ ತೆಲಂಗಾಣದವರಿಗೆ ಇದು ರಾಜ್ಯದ ಹೂವು, ಬತುಕಮ್ಮ ಹಬ್ಬಕ್ಕೆ ಹೂವಿನ ಗೋಪುರ ಕಟ್ಟುವುದಕ್ಕೆ ಇದು ಬೇಕೇ ಬೇಕು. ನಮ್ಮ ಹಿತ್ತಲಲ್ಲೂ ಇದು ಇರಬೇಕು ಅಂತ ನನ್ನ ಆಸೆ.

ಬೀಜಕ್ಕೆ ದುಡ್ಡು ಬೇಡ. ಚಳಿಗಾಲದಲ್ಲಿ ಕಾಯಿ ಒಣಗಿ ಕಂದು ಬಣ್ಣಕ್ಕೆ ಬಂದಿರುತ್ತದೆ, ಚಪ್ಪಟೆಯಾಗಿ, ಕಾಗದದ ಹಾಗೆ. ಒಂದು ಹಿಡಿ ಕಿತ್ತುಕೊಂಡು ಬಂದರೆ ಸಾಕು. ಆದರೆ ಗಿಡ ನೋಡಿ ಕೀಳಿ. ರಸ್ತೆ ಬದಿಯಲ್ಲಿ ಎತ್ತರಕ್ಕೆ ಬೆಳೆದಿರುವ ಸೀಮೆ ತಂಗಡಿ ಬೇರೆ, ಅದು ಹೊರದೇಶದಿಂದ ಬಂದ ಮರ. ನಮ್ಮ ತಂಗಡಿ ಆಳೆತ್ತರದ ಪೊದೆ. ಎಲೆಯ ಬುಡದಲ್ಲಿ ಎರಡೂ ಕಡೆ ಕಿವಿಯ ಹಾಗೆ ದುಂಡಗಿನ ಪುಟ್ಟ ಎಲೆ ಇರುತ್ತದೆ. ಆ ಕಿವಿ ಕಂಡರೆ ಅನುಮಾನವೇ ಬೇಡ.

ಬೀಜದ ಸಿಪ್ಪೆ ಬಹಳ ಗಟ್ಟಿ, ಸುಮ್ನೆ ಮಣ್ಣಿಗೆ ಹಾಕಿದರೆ ಎಷ್ಟೋ ಬೀಜ ಹುಟ್ಟುವುದೇ ಇಲ್ಲ. ಉಸುಕಿನ ಕಾಗದದ ಮೇಲೆ ಸ್ವಲ್ಪ ತಿಕ್ಕಿ, ಇಲ್ಲವೇ ಒಲೆಯಿಂದ ಇಳಿಸಿದ ಬಿಸಿನೀರು ಸುರಿದು ರಾತ್ರಿಯಿಡೀ ಬಿಡಿ. ಬೆಳಗ್ಗೆ ಉಬ್ಬಿದ ಬೀಜ ಮಾತ್ರ ಆರಿಸಿ ಬಿತ್ತಿ. ಜೂನ್ ತಿಂಗಳ ಮಿರಗದ (ಮೃಗಶಿರ) ಮಳೆ ಬಿದ್ದ ಮೇಲೆ ಗಿಡ ನಿಲ್ಲಬೇಕಾದ ಜಾಗದಲ್ಲೇ ಬಿತ್ತಿದರೆ ಒಳ್ಳೆಯದು. ತಾಯಿಬೇರು ಆಳಕ್ಕೆ ಇಳಿಯುತ್ತದೆ, ದೊಡ್ಡದಾದ ಮೇಲೆ ಕಿತ್ತು ನೆಟ್ಟರೆ ಒಣಗುತ್ತದೆ.

ಈಗ ಮುಖ್ಯ ವಿಷಯ, ನೀರು. ಮೊದಲ ಸಲ ನಾನು ಬಚ್ಚಲ ನೀರು ಹರಿಯುವ ಕಡೆ ಬಿತ್ತಿದ್ದೆ, ಯಾವಾಗಲೂ ತೇವ ಇರುತ್ತದಲ್ಲ ಅಂತ. ಗೇಣುದ್ದ ಬಂದ ಆರು ಸಸಿ ಶ್ರಾವಣದ ಜಡಿಮಳೆಯಲ್ಲಿ ಹಳದಿಯಾಗಿ ಬಿದ್ದವು. ಕಿತ್ತು ನೋಡಿದರೆ ಬೇರು ಕಪ್ಪಾಗಿ ಮೆತ್ತಗಾಗಿತ್ತು. ಯರಿಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ನೀರು ಹಿಡಿದುಕೊಂಡು ಬಿಡುವುದೇ ಇಲ್ಲ. ಅದಕ್ಕೆ ಮರುವರ್ಷ ಮುರುಮ್, ಅಂದರೆ ನೀರು ಬಸಿಯುವ ಗರಸು ಮಣ್ಣು, ತರಿಸಿ, ಮಣ್ಣಿಗೆ ಅರ್ಧಕ್ಕರ್ಧ ಬೆರೆಸಿ, ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿದೆ. ಸುತ್ತ ಒಡೆದ ಫರ್ಸಿ ಕಲ್ಲು ನಿಲ್ಲಿಸಿದೆ. ಗಿಡ ಅಲ್ಲಿಂದ ಹಿಂದಿರುಗಿ ನೋಡಿಲ್ಲ. ಬೀದರ್ ಕಡೆ ಕೆಂಪು ಜಂಬಿಟ್ಟಿಗೆ ನೆಲ ಇರುವವರಿಗೆ ಇಷ್ಟು ಕಷ್ಟ ಇಲ್ಲ.

ಬಿಸಿಲು ಎಷ್ಟಿದ್ದರೂ ಜಾಸ್ತಿ ಆಗಲ್ಲ, ನೆರಳಲ್ಲಿ ಮಾತ್ರ ಹೂ ಕಡಿಮೆ. ಮೊದಲ ಬೇಸಿಗೆ ವಾರಕ್ಕೊಂದು ಕೊಡ ನೀರು ಹಾಕಿ, ಆಮೇಲೆ ಅದೂ ಬೇಡ. ಗೊಬ್ಬರವೂ ಬೇಕಿಲ್ಲ. ಹೂ ಬರುವುದು ಹೊಸ ಚಿಗುರಿನ ತುದಿಗೆ, ಹಾಗಾಗಿ ಮಳೆಗಾಲಕ್ಕೆ ಮುಂಚೆ ಕೊಂಬೆ ಅರ್ಧಕ್ಕೆ ಕತ್ತರಿಸಿ.

ಹೂ ಬಿಟ್ಟ ಮೇಲೆ ಒಂದು ಬೆಳಗ್ಗೆ ಗಿಡದ ಹತ್ತಿರ ಕೂತು ನೋಡಿ. ದಪ್ಪ ಕರಿ ದುಂಬಿ ಬಂದು ಹೂವನ್ನು ತಬ್ಬಿಕೊಂಡು ಗುಂಯ್ ಅಂತ ಮೈ ನಡುಗಿಸುತ್ತದೆ. ಕೇಸರದ ತುದಿಯ ಸಣ್ಣ ತೂತಿನಿಂದ ಆಗಲೇ ಪರಾಗ ಉದುರುವುದು. ಎಲೆ ಮೇಲೆ ಹಸಿರು ಕಂಬಳಿಹುಳ ಕಂಡರೆ ಔಷಧ ಹೊಡೆಯಬೇಡಿ. ಅವು ತಿಳಿಹಳದಿ ಚಿಟ್ಟೆಯ ಮರಿಗಳು, ನಾಲ್ಕು ಎಲೆ ತಿನ್ನುತ್ತವೆ, ಗಿಡ ಮತ್ತೆ ಚಿಗುರುತ್ತದೆ.